ಕೆಂಪು ಕಲ್ಲು, ಕೊಡದ ನೀರು

ಸೋದರಿಯರೇ, ಕಲ್ಲು-ಬಂಡೆಯ ವಿಷಯವೆಂದು ಪುಟ ತಿರುವಿಬಿಡಬೇಡಿರಿ. ಇದು ನಮ್ಮ ಕೊಡದ ನೀರಿನ ವಿಷಯ.

ಔರಾದ, ಭಾಲ್ಕಿ ಕಡೆಯಿಂದ ಬೀದರಿಗೆ ಬಸ್ಸಿನಲ್ಲಿ ಬರುವವರು ನೋಡಿರಬೇಕು. ಅಲ್ಲೆಲ್ಲ ಎರೆಭೂಮಿ, ಬಾವಿ ತೋಡಿದರೆ ಕಪ್ಪು ಕಲ್ಲು. ದಿಬ್ಬ ಏರಿ ಬೀದರ ಮುಟ್ಟುವ ಹೊತ್ತಿಗೆ ಮಣ್ಣೂ ಕಲ್ಲೂ ಕೆಂಪು. ಸಮುದ್ರಮಟ್ಟದಿಂದ 2,000 ಅಡಿಗೂ ಎತ್ತರದ ಈ ಬಯಲಿನ ಅಂಚಿನಲ್ಲೇ ನಮ್ಮ ಊರು ನಿಂತಿದೆ.

ಸೋಜಿಗವೆಂದರೆ, ಈ ಕೆಂಪು ಕಲ್ಲೂ ಮೂಲದಲ್ಲಿ ಕಪ್ಪೇ ಅಂತೆ! ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯೊಳಗಿನ ಲಾವಾರಸ ಹರಿದು ಕಪ್ಪು ಕಲ್ಲಾಯಿತು. ಲಕ್ಷಾಂತರ ವರ್ಷ ಮಳೆ-ಬಿಸಿಲಿಗೆ ಮೇಲ್ಪದರ ಕೊಳೆತು, ಉಳಿದೆಲ್ಲ ತೊಳೆದುಹೋಗಿ ಕಬ್ಬಿಣದಂಶ ಮಿಕ್ಕಿತು. ಕಬ್ಬಿಣದ ಹಂಚಿಗೆ ತುಕ್ಕು ಹಿಡಿದಂತೆ ಕೆಂಪಾಯಿತು. ಲ್ಯಾಟರೈಟ್ ಎನ್ನುವುದು ಇದಕ್ಕೇ. ಅಗೆಯುವಾಗ ಮೆತ್ತಗೆ, ಗಾಳಿಗೆ ಬಿದ್ದರೆ ಗಟ್ಟಿ. ಬೀದರ ಕೋಟೆಯ ಮೂರು ಸಾಲಿನ ಕಂದಕ ಈ ಬಂಡೆಯಲ್ಲೇ ಕೊರೆದದ್ದು. ನಡುವಿನ ಗೋಡೆಗಳನ್ನು ಯಾರೂ ಕಟ್ಟಿಲ್ಲ ನೋಡ್ರಿ, ಕೊರೆಯದೆ ಬಿಟ್ಟದ್ದು!

ಇನ್ನು ನೀರು. ಈ ಕಲ್ಲಿಗೆ ದೋಸೆಯಂತೆ ಮೈತುಂಬ ತೂತು. ಪರಾತದ ಮೇಲೆ ಜರಡಿ ಇಟ್ಟು ನೀರು ಸುರಿದಂತೆ ಊಹಿಸಿಕೊಳ್ಳಿರಿ. ಜರಡಿ ಕೆಂಪು ಕಲ್ಲು. ಪರಾತ ಅದರಡಿಯ ಜೇಡಿ ಮತ್ತು ಕಪ್ಪು ಕಲ್ಲು. ಮಳೆನೀರು ಜರಡಿಯಲ್ಲಿ ಇಳಿದು, ಪರಾತದಲ್ಲಿ ತಡೆದು, ಬಯಲಿನ ಅಂಚಿನಲ್ಲಿ ಹೊರಬೀಳುತ್ತದೆ. ನಾನಕ ಝೀರಾದ ಒರತೆ, ಪಾಪನಾಶದ ಬುಗ್ಗೆ, ನರಸಿಂಹ ಝರಣಿಯ ಗುಹೆಯಲ್ಲಿ ಭಕ್ತರು ಎದೆಮಟ್ಟ ನಡೆಯುವ ನೀರು, ಎಲ್ಲವೂ ಈ ಕಲ್ಲಿನ ಕೊಡುಗೆ. ಬಹಮನಿ ಕಾಲದವರು ಇದನ್ನರಿತೇ ನೌಬಾದಿನಲ್ಲಿ ನೆಲದೊಳಗೆ ಕಾಲುವೆ ಕೊರೆಸಿ, ಅಲ್ಲಲ್ಲಿ ಬಾವಿಯಂಥ ಕಂಡಿ ಬಿಡಿಸಿದರು. ಅದೇ ಕರೇಜ್. ಮುಂದೆ ಆ ಕಂಡಿಗಳಲ್ಲಿ ಕಸ, ಹೂಳು ತುಂಬಿತು; 2015ರ ಸುಮಾರಿಗೆ ತೆಗೆಸುವ ಕೆಲಸ ನಡೆಯಿತು.

ಆದರೆ ಜರಡಿಗೆ ಮಳೆನೀರು ಯಾವುದು, ಬಚ್ಚಲ ನೀರು ಯಾವುದು ಎಂಬ ಭೇದವಿಲ್ಲ. ಕೆಂಪು ಕಲ್ಲಿನಲ್ಲಿ ತಳವಿಲ್ಲದ ಪಾಯಿಖಾನೆ ಗುಂಡಿ ತೋಡಿದರೆ ಹೊಲಸು ಸೋಸುವ ಮೊದಲೇ ಬಾವಿಗೆ ಸೇರಬಹುದು. ನೀರು ತಿಳಿಯಾಗಿ ಕಂಡಿತೆಂದು ನಂಬುವಂತಿಲ್ಲ. ಗುಂಡಿಗೆ ಸಿಮೆಂಟಿನ ತಳ, ಗೋಡೆ ಇರಲಿ; ಬಾವಿಯಿಂದ ದೂರವಿರಲಿ. ಬಾವಿ ನೀರು ಕುಡಿಯುವವರು ಚೆನ್ನಾಗಿ ಕುದಿಸಿ, ಆರಿಸಿ ಕುಡಿಯಿರಿ. ಔರಾದ, ಭಾಲ್ಕಿಯ ಅಕ್ಕಂದಿರೂ ನಿಶ್ಚಿಂತೆಯಿಂದ ಇರಬೇಡಿ. ಕಪ್ಪು ಕಲ್ಲಿನ ಬಿರುಕಿನಲ್ಲೂ ಹೊಲಸು ಹರಿಯುತ್ತದೆ.

ಸೈಟು ಕೊಳ್ಳುವ ಮಾತು ಬಂದಾಗ ಗಂಡಸರು ರಸ್ತೆ, ವಾಸ್ತು ಕೇಳುತ್ತಾರೆ. ನೀವು ಪಕ್ಕದ ಮನೆಯ ಗುಂಡಿ ಎಲ್ಲಿದೆ, ಅದಕ್ಕೆ ತಳ ಇದೆಯೋ ಇಲ್ಲವೋ ಕೇಳಿರಿ.