ಹತ್ತು ಮೀಟರಿಗೆ ಎಷ್ಟು ದೊಡ್ಡ ದುರ್ಬೀನು?

ದ್ರಾಕ್ಷಿಯ ಸುಗ್ಗಿ ಮುಗಿದ ಮೇಲೆ, ತಿಕೋಟಾ ಕಡೆಯವನಾದ ನನ್ನ ವಿದ್ಯಾರ್ಥಿಯೊಬ್ಬನು ನನ್ನನ್ನು ವಿಜಯಪುರದ ಗಾಂಧಿ ಚೌಕದ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದನು. ರಜೆಯಲ್ಲಿ ಬೇರೆಯವರ ತೋಟದಲ್ಲಿ ಗೊನೆ ಕತ್ತರಿಸಿ ಕೂಡಿಸಿದ ಹಣ ಅವನ ಕಿಸೆಯಲ್ಲಿತ್ತು. ಎನ್.ಸಿ.ಸಿ. ಶಿಬಿರದಲ್ಲಿ .22 ರೈಫಲು ಹಿಡಿದ ದಿನದಿಂದ ಅವನಿಗೆ ಗುರಿ ಹೊಡೆಯುವ ಗೀಳು ಹತ್ತಿದೆ. ಮನೆಯಲ್ಲಿ ಒಂದು ಏರ್‌ಗನ್ನು ಉಂಟು. ಅದರ ಮೇಲೆ ಕೂಡಿಸಲು ಈಗ ಒಂದು ದುರ್ಬೀನು ಬೇಕು. ಅಂಗಡಿಯವರು ಎರಡನ್ನು ಮುಂದಿಟ್ಟರು. ಒಂದು, 3-9×40 ಎಂದು ಮುದ್ರಿತವಾಗಿದ್ದ, ಒಂದೂವರೆ ಗೇಣುದ್ದದ ದಪ್ಪ ಕೊಳವೆ. ಮತ್ತೊಂದು, 4×20 ಎಂಬ ಸಣ್ಣದು. ಬೆಲೆಯೂ ಮೊದಲನೆಯದರ ಮೂರರಲ್ಲೊಂದು ಪಾಲು.

"ಸರ್, ಇದ್ರಾಗ ಒಂಬತ್ತು ಪಟ್ಟು ದೊಡ್ಡದು ಕಾಣತೈತ್ರಿ. ನಾಕು ಪಟ್ಟಿಂದು ತಗೊಂಡು ಏನ್ ಮಾಡೂದ್ರಿ?" ಎಂದು ಅವನು ಕೇಳಿದನು.

"ಎಷ್ಟು ದೂರದಿಂದ ಹೊಡೀತೀ?" ಎಂದು ನಾನು ಕೇಳಿದೆ.

"ಹಿತ್ತಲದಾಗ್ರಿ. ಹತ್ತು ಮೀಟರ್."

ಪೆಟ್ಟಿಗೆಯ ಮೇಲಿನ ಅಂಕಿಗಳಲ್ಲಿ ಮೊದಲನೆಯದು ಗುರಿ ಎಷ್ಟು ಪಟ್ಟು ಹಿಗ್ಗಿ ಕಾಣುವುದೆಂಬುದನ್ನೂ, ಎರಡನೆಯದು ಮುಂದಿನ ಮಸೂರದ ವ್ಯಾಸ ಎಷ್ಟು ಮಿಲಿಮೀಟರು ಎಂಬುದನ್ನೂ ತಿಳಿಸುತ್ತವೆ. ಇವೆರಡೂ ಹೆಚ್ಚಿದಷ್ಟೂ ಒಳ್ಳೆಯದೆಂದು ಕೊಳ್ಳುವವರು ನಂಬುತ್ತಾರೆ. ಮಾರುವವರು ಆ ನಂಬಿಕೆಯನ್ನು ಕೆಡಿಸಲು ಹೋಗುವುದಿಲ್ಲ. ಆದರೆ ಮೂರನೆಯದೊಂದು ಅಂಕಿ ಇದೆ. ಕಾರಖಾನೆಯಲ್ಲಿ ಆ ದುರ್ಬೀನನ್ನು ಎಷ್ಟು ದೂರದ ಗುರಿಗೆ ಹೊಂದಿಸಿದ್ದಾರೆ ಎಂಬುದೇ ಅದು. ಬಹಳ ಸಲ ಪೆಟ್ಟಿಗೆಯ ಮೇಲೆ ಅದು ಇರುವುದೇ ಇಲ್ಲ. ನಮ್ಮ ಹುಡುಗರು ಮೊಟ್ಟಮೊದಲು ಕೇಳಬೇಕಾದ ಅಂಕಿ ಅದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ದೊಡ್ಡ ಕೊಳವೆಗಳು ಯಾರಿಗಾಗಿ ಹುಟ್ಟಿದುವು ಎಂಬುದನ್ನು ನೋಡಿದರೆ ವಿಷಯ ಅರ್ಧ ತಿಳಿಯಾಗುತ್ತದೆ. ನೂರಿನ್ನೂರು ಗಜ ದೂರದಲ್ಲಿ, ಮುಸ್ಸಂಜೆಯ ಮಬ್ಬಿನಲ್ಲಿ, ಕಾಡಿನ ಅಂಚಿಗೆ ಬಂದ ಜಿಂಕೆಗೆ ಗುರಿಯಿಡುವ ಶಿಕಾರಿಯವನು ಅವುಗಳ ಯಜಮಾನ. ನಮ್ಮಲ್ಲಿ ಆ ಯಜಮಾನನಿಗೆ ಸ್ಥಳವಿಲ್ಲ. ವನ್ಯಜೀವಿ ಸಂರಕ್ಷಣೆಯ ಕಾಯಿದೆ 1972ರಲ್ಲಿ ಬಂದಿತು. 1991ರ ತಿದ್ದುಪಡಿಯ ತರುವಾಯ ಪರವಾನಗಿ ಪಡೆದು ಆಡುವ ಬೇಟೆಗೂ ಬಾಗಿಲು ಮುಚ್ಚಿತು. ಉತ್ತರ ಕರ್ನಾಟಕದ ಬಯಲಿನ ಚಿಗರೆಗಾಗಿ ರಾಣೆಬೆನ್ನೂರಿನಲ್ಲಿ 1974ರಲ್ಲಿ ಒಂದು ಅಭಯಾರಣ್ಯವೇ ಏರ್ಪಟ್ಟಿತು. ಚಿಗರೆ ಇರಲಿ, ದ್ರಾಕ್ಷಿ ತೋಟಕ್ಕೆ ಎರಗುವ ಗಿಳಿಗೆ ಹೊಡೆಯುವುದೂ ಅಪರಾಧವೇ. "ಏರ್‌ಗನ್ನಿಗೆ ಪರವಾನಗಿ ಬೇಕಿಲ್ಲವಲ್ಲ" ಎನ್ನುವವರಿದ್ದಾರೆ. 2016ರ ಶಸ್ತ್ರ ನಿಯಮಗಳಂತೆ .177 ಅಂಗುಲದ ನಳಿಗೆಯ, 20 ಜೂಲಿಗೆ ಮೀರದ ಶಕ್ತಿಯ ಏರ್‌ಗನ್ನಿಗೆ ಪರವಾನಗಿ ಬೇಡ, ನಿಜ. ಅದು ಬಂದೂಕಿಗೆ ಸಿಕ್ಕ ವಿನಾಯಿತಿಯೇ ಹೊರತು ಹಕ್ಕಿಯ ಮೇಲೆ ಸಿಕ್ಕ ಅಧಿಕಾರವಲ್ಲ. ತೋಟಕ್ಕೆ ಬಲೆ ಹೊದಿಸುವುದೇ ಹಾದಿ. ಹಿಂಡುಗಟ್ಟಿ ಬರುವ ಗಿಳಿಗಳಿಗೆ ಒಂದೊಂದೇ ಛರ್ರೆ ಹೊಡೆದು ದ್ರಾಕ್ಷಿ ಉಳಿಸಿಕೊಂಡವರನ್ನು ನಾನಂತೂ ಕಂಡಿಲ್ಲ.

ಹೀಗೆ ಬೇಟೆ ನಿಂತ ಮೇಲೆ ಮುಸ್ಸಂಜೆಯ ಲೆಕ್ಕವೂ ನಿಂತಿತು. ಮುಂದಿನ ಮಸೂರದ ವ್ಯಾಸವನ್ನು ಪಟ್ಟಿನಿಂದ ಭಾಗಿಸಿದರೆ, ಕಣ್ಣಿನ ಕಡೆಯಿಂದ ಹೊರಬೀಳುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ. 40ನ್ನು 4ರಿಂದ ಭಾಗಿಸಿದರೆ 10 ಮಿಲಿಮೀಟರು; 20ನ್ನು 4ರಿಂದ ಭಾಗಿಸಿದರೆ 5 ಮಿಲಿಮೀಟರು. ನಮ್ಮ ಕಣ್ಣಿನ ಪಾಪೆಯು ಕತ್ತಲೆಯಲ್ಲಿ 6-7 ಮಿಲಿಮೀಟರಿನಷ್ಟು ಅರಳಿದರೂ ಹಗಲಿನಲ್ಲಿ 2-3 ಮಿಲಿಮೀಟರಿಗೆ ಕುಗ್ಗಿರುತ್ತದೆ. ವಿಜಯಪುರದ ಬಿಸಿಲಿನಲ್ಲಿ ಅದು ಇನ್ನೂ ಕುಗ್ಗಿದರೆ ಆಶ್ಚರ್ಯವಿಲ್ಲ. ಅಂದಮೇಲೆ ಸಣ್ಣ ಕೊಳವೆ ಕೊಡುವ ಬೆಳಕೇ ಕಣ್ಣಿಗೆ ಮಿಕ್ಕುತ್ತದೆ. ದೊಡ್ಡದು ತರುವ ಹೆಚ್ಚಿನ ಬೆಳಕು ಹುಬ್ಬಿನ ಮೇಲೂ ಕೆನ್ನೆಯ ಮೇಲೂ ಚೆಲ್ಲಿಹೋಗುತ್ತದೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ದುರ್ಬೀನಿನೊಳಗೆ ಕಾಣುವ ಅಡ್ಡಗೆರೆಯ ಕಥೆ ಜೇಡನಿಂದ ಆರಂಭವಾಗುತ್ತದೆ. 1640ರ ಸುಮಾರಿನಲ್ಲಿ ಇಂಗ್ಲೆಂಡಿನ ವಿಲಿಯಮ್ ಗ್ಯಾಸ್ಕಾಯ್ನ್ ಎಂಬ ಖಗೋಳಾಸಕ್ತನ ದೂರದರ್ಶಕದೊಳಗೆ ಜೇಡವೊಂದು ನೂಲೆಳೆದಿತ್ತಂತೆ. ಆಕಾಶವನ್ನು ನೋಡಿದಾಗ ಆ ಎಳೆ ದೂರದ ವಸ್ತುವಿನಷ್ಟೇ ಸ್ಪಷ್ಟವಾಗಿ ಕಂಡಿತು. ಎಳೆಯು ಸರಿಯಾಗಿ ಪ್ರತಿಬಿಂಬ ಮೂಡುವ ಸಮತಲದಲ್ಲಿಯೇ ಇದ್ದುದು ಇದಕ್ಕೆ ಕಾರಣ. ಗುರಿಕಾರನ ಅಡ್ಡಗೆರೆಗೂ ಇದೇ ಕರಾರು. ಆದರೆ ಪ್ರತಿಬಿಂಬದ ಸಮತಲ ಒಂದೇ ಕಡೆ ನಿಲ್ಲುವುದಿಲ್ಲ. ಗುರಿ ಹತ್ತಿರ ಬಂದಂತೆಲ್ಲ ಅದು ಹಿಂದಕ್ಕೆ ಸರಿಯುತ್ತದೆ, ಗೆರೆ ಮಾತ್ರ ತನ್ನ ಜಾಗದಲ್ಲಿಯೇ ಉಳಿಯುತ್ತದೆ. ಆಗ ತಲೆ ಸ್ವಲ್ಪ ಅತ್ತಿತ್ತ ಸರಿದರೂ ಗೆರೆಯು ಗುರಿಯ ಮೇಲೆ ಜಾರುತ್ತದೆ. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕುಳಿತವನಿಗೆ ವೇಗಸೂಚಿಯ ಮುಳ್ಳು ಡ್ರೈವರಿಗೆ ತೋರಿದ ಅಂಕಿಯ ಮೇಲೆ ತೋರುವುದಿಲ್ಲವಷ್ಟೆ. ಇದೂ ಅದೇ ದೃಷ್ಟಿಭೇದ. ಬಂದೂಕಿನ ಮಂದಿ ಇದನ್ನು ಪ್ಯಾರಲಾಕ್ಸ್ ಎನ್ನುತ್ತಾರೆ.

ದೊಡ್ಡ ಬಂದೂಕಿನ ದುರ್ಬೀನುಗಳನ್ನು ಸಾಮಾನ್ಯವಾಗಿ 100 ಗಜಕ್ಕೆ, ಎಂದರೆ ಸುಮಾರು 91 ಮೀಟರಿಗೆ, ಹೊಂದಿಸಿರುತ್ತಾರೆ. ಅದನ್ನು 10 ಮೀಟರಿನ ಗುರಿಗೆ ತಿರುಗಿಸಿದರೆ ತಪ್ಪು ಎಷ್ಟಾದೀತು? ಲೆಕ್ಕ ಕಷ್ಟದ್ದಲ್ಲ. 91ರಲ್ಲಿ 10 ಕಳೆದರೆ 81. 81ನ್ನು 91ರಿಂದ ಭಾಗಿಸಿ, ಮುಂದಿನ ಮಸೂರದ ವ್ಯಾಸದ ಅರ್ಧದಿಂದ ಗುಣಿಸಬೇಕು. 40 ಮಿಲಿಮೀಟರಿನ ಮಸೂರಕ್ಕೆ, ಕಣ್ಣು ತೀರ ಅಂಚಿಗೆ ಸರಿದಾಗ, ಸುಮಾರು 18 ಮಿಲಿಮೀಟರು ಬರುತ್ತದೆ. 20 ಮಿಲಿಮೀಟರಿನದಕ್ಕೆ 9. ಅಂತರರಾಷ್ಟ್ರೀಯ ಸ್ಪರ್ಧೆಗಳ 10 ಮೀಟರು ಏರ್ ರೈಫಲಿನ ಕಾಗದದಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಕೇವಲ ಅರ್ಧ ಮಿಲಿಮೀಟರು; ಅಲ್ಲಿಂದಾಚೆಗೆ ಪ್ರತಿ 2.5 ಮಿಲಿಮೀಟರಿಗೆ ಒಂದು ಅಂಕ ಕಡಿಮೆ. 18 ಮಿಲಿಮೀಟರೆಂದರೆ ಏಳು ಉಂಗುರಗಳು! ಗುರಿಕಾರನ ಕೈ ಕಲ್ಲಿನಂತೆ ನಿಂತಿದ್ದರೂ, ಕೆನ್ನೆ ಸರಿದುದಕ್ಕಾಗಿ ಏಳು ಅಂಕಗಳ ದಂಡ.

ಹೆಚ್ಚು ಪಟ್ಟಿನ ಆಸೆಗೆ ಇನ್ನೊಂದು ದಂಡವಿದೆ. ಹೊಂದಿಸಿದ ದೂರಕ್ಕಿಂತ ಗುರಿ ಹತ್ತಿರ ಬಂದಾಗ ಕಣ್ಣು ಹೊರಬೇಕಾದ ಹೊರೆಯು ಪಟ್ಟಿನ ವರ್ಗದಂತೆ ಬೆಳೆಯುತ್ತದೆ. 4ರ ವರ್ಗ 16, 9ರ ವರ್ಗ 81. ಮೇಲಿನ ಉದಾಹರಣೆಯಲ್ಲಿಯೇ, 4 ಪಟ್ಟಿನಲ್ಲಿ ನೋಡುವ ಕಣ್ಣು ಸುಮಾರು 70 ಸೆಂಟಿಮೀಟರು ದೂರದ ಪುಟವನ್ನು ಓದಿದಷ್ಟು ದುಡಿದರೆ, 9 ಪಟ್ಟಿನಲ್ಲಿ ಸುಮಾರು 14 ಸೆಂಟಿಮೀಟರು ದೂರದ ಪುಟವನ್ನು ಓದಿದಷ್ಟು ದುಡಿಯಬೇಕು. ಅಷ್ಟು ಮಾಡಿದರೂ ಗುರಿ ಸ್ಪಷ್ಟವಾದಾಗ ಗೆರೆ ಮಸಕು, ಗೆರೆ ಸ್ಪಷ್ಟವಾದಾಗ ಗುರಿ ಮಸಕು. ಕೈಯ ನಡುಕವೂ ಒಂಬತ್ತು ಪಟ್ಟು ಹಿಗ್ಗಿ ಕಾಣುತ್ತದೆಯೇ ಹೊರತು ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಕುಣಿಯುವ ಗೆರೆ ಚುಕ್ಕೆಯನ್ನು ದಾಟುವ ಕ್ಷಣ ಕಾದು ಕುದುರೆಯನ್ನು ಜಗ್ಗುವ ಕೆಟ್ಟ ಚಾಳಿ ಹುಡುಗರಿಗೆ ಅಂಟುವುದು ಹೀಗೆ.

ಸ್ಪ್ರಿಂಗ್ ಕೂಡಿಸಿದ ಏರ್‌ಗನ್ನಿನ ಒದೆತದ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಏಕೆಂದರೆ ಇದು ಗೊತ್ತಿಲ್ಲದೆ ಹಣ ಕಳೆದುಕೊಂಡವರು ಉಂಟು. ಮದ್ದಿನ ಬಂದೂಕು ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗಿನದು ಎರಡು ಸಲ ಒದೆಯುತ್ತದೆ: ಒಳಗಿನ ದಟ್ಟೆ ಮುಂದಕ್ಕೆ ಹಾರುವಾಗ ಬಂದೂಕು ಹಿಂದಕ್ಕೆ, ಆ ದಟ್ಟೆ ಅಮುಕಿದ ಗಾಳಿಯ ಮೇಲೆ ಬಡಿದು ನಿಲ್ಲುವಾಗ ಬಂದೂಕು ತಟ್ಟನೆ ಮುಂದಕ್ಕೆ. ಹಿಂದಿನ ಒದೆತವನ್ನು ಮಾತ್ರ ಲೆಕ್ಕಕ್ಕೆ ಹಿಡಿದು ಕಟ್ಟಿದ ದುರ್ಬೀನಿನ ಮಸೂರಗಳು ಈ ಎರಡನೆಯ ಧಕ್ಕೆಗೆ ಸಡಿಲಗೊಳ್ಳುತ್ತವೆ. ದೊಡ್ಡ ರೈಫಲಿನ ಮೇಲೆ ವರ್ಷಗಟ್ಟಲೆ ಬಾಳಿದ ಕೊಳವೆ ಏರ್‌ಗನ್ನಿನ ಮೇಲೆ ಕೆಲವೇ ವಾರಗಳಲ್ಲಿ ಹಾಳಾಗಬಹುದು. ಆದುದರಿಂದ ಏರ್‌ಗನ್ನಿಗಾಗಿಯೇ ಮಾಡಿದುದೆಂದು ಬರೆದಿದೆಯೇ ಎಂದು ನೋಡಿಕೊಳ್ಳತಕ್ಕದ್ದು. ಹಗುರವಾದ ಕೊಳವೆಗೆ ಇಲ್ಲಿಯೂ ಅನುಕೂಲವೇ. ತೂಕ ಕಡಿಮೆಯಾದಷ್ಟೂ ಹಿಡಿತದ ತಿರುಪುಗಳ ಮೇಲೆ ಜಗ್ಗಾಟ ಕಡಿಮೆ.

ತಿರುಗುಣಿಯ ಒಂದು 'ಕ್ಲಿಕ್ಕಿ'ಗೆ ಕಾಲು ಅಂಗುಲವೆಂದು ಪೆಟ್ಟಿಗೆಯಲ್ಲಿ ಬರೆದಿರುತ್ತದೆ. ಅದು 100 ಗಜದ ಮಾತು. 10 ಮೀಟರಿನಲ್ಲಿ ಅದು ಮುಕ್ಕಾಲು ಮಿಲಿಮೀಟರಿಗೂ ಕಡಿಮೆ. ನಾಲ್ಕು ಕ್ಲಿಕ್ಕು ತಿರುಗಿಸಿ ಒಂದು ಅಂಗುಲ ಸರಿಯಲಿಲ್ಲವೆಂದು ದುರ್ಬೀನನ್ನು ಬೈಯುವವನು ದೂರವನ್ನೇ ಮರೆತಿರುತ್ತಾನೆ.

ಮುಂದಿನ ಉಂಗುರವನ್ನು ತಿರುಗಿಸಿ ದೂರವನ್ನು ಹೊಂದಿಸಿಕೊಳ್ಳುವ ದುರ್ಬೀನುಗಳೂ ಇವೆಯಲ್ಲ ಎಂದು ತಿಳಿದವರು ಆಕ್ಷೇಪಿಸಬಹುದು. ಇವೆ, ಮತ್ತು ಅವು ಪ್ರಾಮಾಣಿಕ ಉಪಕರಣಗಳು. 10 ಮೀಟರಿನಿಂದ 50 ಮೀಟರಿನವರೆಗೆ ಬೇರೆ ಬೇರೆ ದೂರಗಳಲ್ಲಿ ಅಭ್ಯಾಸ ಮಾಡುವವನಿಗೆ ನಾನು ಅವನ್ನೇ ಹೇಳುತ್ತೇನೆ. ಆದರೆ ಅವು ಉದ್ದ, ಭಾರ, ಬೆಲೆಯೂ ಹೆಚ್ಚು. ಒಂದೇ ಗೋಡೆಗೆ ಒಂದೇ ದೂರದಿಂದ ಹೊಡೆಯುವವನಿಗೆ ಆ ಉಂಗುರದಿಂದ ಒಂದು ಸಲದ ಉಪಯೋಗ ಮಾತ್ರ.

ದುರ್ಬೀನೇ ಬೇಡವೆನ್ನುವವರ ವಾದ ಇದಕ್ಕಿಂತ ಬಲವಾದದ್ದು. ಒಲಿಂಪಿಕ್ಸಿನ ರೈಫಲ್ ಸ್ಪರ್ಧೆಗಳಲ್ಲಿ ದೂರದರ್ಶಕಕ್ಕೆ ಅವಕಾಶವೇ ಇಲ್ಲ. ಸಣ್ಣ ರಂಧ್ರದ ಮೂಲಕ ನೋಡಿ ಗುರಿಯಿಡಬೇಕು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ 10 ಮೀಟರಿನಲ್ಲಿ ಚಿನ್ನ ಗೆದ್ದುದು ಹಾಗೆಯೇ. ನಮ್ಮ ನೆರೆಯ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸಿನಲ್ಲಿ 50 ಮೀಟರು ದೂರದ, 10.4 ಮಿಲಿಮೀಟರು ವ್ಯಾಸದ ಹತ್ತರ ವೃತ್ತಕ್ಕೆ ಗುರಿಯಿಟ್ಟು ಕಂಚು ತಂದುದೂ ಹಾಗೆಯೇ. ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ಕೋವಿಗೆ ಪೂಜೆ ಸಲ್ಲಿಸಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ದುರ್ಬೀನು ಹುಟ್ಟುವುದನ್ನು ಕಾಯಲಿಲ್ಲ. ಸ್ಪರ್ಧೆಯ ಹಾದಿ ಹಿಡಿಯುವ ವಿದ್ಯಾರ್ಥಿಗೆ ನಾನು ಹೇಳುವುದೂ ಇದನ್ನೇ: ಮೊದಲು ರಂಧ್ರದ ನೋಟವನ್ನು ಕಲಿ. ಹಾಗಾದರೆ ದುರ್ಬೀನು ಯಾರಿಗೆ? ತನ್ನ ತಪ್ಪು ಕಣ್ಣಿನದೋ ಬೆರಳಿನದೋ ಎಂದು ಬೇರ್ಪಡಿಸಿ ನೋಡಬೇಕೆನ್ನುವವನಿಗೆ, ಚಾಳೀಸು ಬಂದು ನಳಿಗೆಯ ಮುಳ್ಳು ಮಸುಕಾದವನಿಗೆ, ಮತ್ತು ಮನಸ್ಸಿಗೆ ಅದು ಬೇಕೆನಿಸಿದ ಇಪ್ಪತ್ತು ವರ್ಷದ ಹುಡುಗನಿಗೆ. ಕೊನೆಯದೂ ಕಾರಣವೇ.

ಗಾಂಧಿ ಚೌಕದ ಆ ಅಂಗಡಿಯಲ್ಲಿ ನಾವು ಮಾಡಿದ ಪರೀಕ್ಷೆಯನ್ನು ಯಾರಾದರೂ ಮಾಡಬಹುದು. ಖಾಲಿ ರಟ್ಟಿನ ಪೆಟ್ಟಿಗೆಯೊಂದರ ಎರಡು ಅಂಚುಗಳಲ್ಲಿ ಕತ್ತರಿಯಿಂದ ಕಚ್ಚು ಮಾಡಿ, ಅದರಲ್ಲಿ ದುರ್ಬೀನನ್ನು ಮಲಗಿಸಿದೆವು. ಬಂದೂಕಿನ ಮೇಲೆ ಕೂಡಿಸಿದ ದುರ್ಬೀನಿನಿಂದ ಬೀದಿಯನ್ನು ನೋಡುವುದು ಎಂದೂ ಸಲ್ಲದು. ಬಿಡಿ ಕೊಳವೆಯಿಂದ ಮಾತ್ರ ಈ ಪರೀಕ್ಷೆ. ಎದುರು ಸಾಲಿನ ಅಂಗಡಿಯ ನಾಮಫಲಕದ ಒಂದು ಅಕ್ಷರದ ಮೇಲೆ ಗೆರೆಯನ್ನು ನಿಲ್ಲಿಸಿ, ಕೊಳವೆಯನ್ನು ಮುಟ್ಟದೆ ತಲೆಯನ್ನು ಮಾತ್ರ ನಿಧಾನವಾಗಿ ಅತ್ತಿತ್ತ ಸರಿಸಬೇಕು. ದೊಡ್ಡದರಲ್ಲಿ ಗೆರೆಯು 'ಗ'ಕಾರದ ಒಂದು ಕಾಲಿನಿಂದ ಇನ್ನೊಂದರತ್ತ ನಡೆದುಹೋಯಿತು. ಸಣ್ಣದರಲ್ಲಿ ಗೆರೆಯ ದಪ್ಪದಷ್ಟು ಸರಿಯಿತೋ ಇಲ್ಲವೋ! ಅಷ್ಟರಲ್ಲಿ ನಾಲ್ಕಾರು ಜನ ಕೂಡಿ, "ಏನ್ ನೋಡಾಕ್ಹತ್ತೀರಿ ಸರ್ರ?" ಎಂದು ವಿಚಾರಿಸತೊಡಗಿದ್ದರು. ಅಂಗಡಿಯ ಯಜಮಾನರೂ ಒಮ್ಮೆ ಬಗ್ಗಿ ನೋಡಿದರು; ಇಷ್ಟು ವರ್ಷ ಮಾರಿದರೂ ಇದನ್ನು ನೋಡಿರಲಿಲ್ಲವೆಂದು ನಕ್ಕರು. ದೂರದ ಅಂಕಿಯನ್ನು ಪೆಟ್ಟಿಗೆಯ ಮೇಲೆ ಮುದ್ರಿಸದ ತಯಾರಕರ ಪದಾರ್ಥವನ್ನು ತರಿಸಬೇಡಿರೆಂದು ಕೇಳಿಕೊಂಡಾಗ ಮಾತ್ರ ಅವರು ನಗಲಿಲ್ಲ, ಒಪ್ಪಲೂ ಇಲ್ಲ. ಕೊಳ್ಳುವವರು ಹತ್ತು ಮಂದಿ ಅದನ್ನೇ ಕೇಳಿದರೆ ಒಪ್ಪಿಯಾರು.

ಹುಡುಗ ಸಣ್ಣದನ್ನೇ ಕೊಂಡನು. ಮರುದಿನ ನಮ್ಮ ಪ್ರಯೋಗಾಲಯದಲ್ಲಿ ಕಪ್ಪು ಕಾಗದದ ಒಂದು ಬಿಲ್ಲೆ ಕತ್ತರಿಸಿ, ನಡುವೆ 12 ಮಿಲಿಮೀಟರಿನ ರಂಧ್ರ ಮಾಡಿ, ಮುಂದಿನ ಮಸೂರದ ಎದುರಿಗೆ ಕೂಡಿಸಿದೆವು. 12ನ್ನು 4ರಿಂದ ಭಾಗಿಸಿದರೆ 3. ಹಗಲಿನ ಪಾಪೆಗೆ ಸಾಕಾದಷ್ಟು ಬೆಳಕು. ದುರ್ಬೀನು 100 ಗಜಕ್ಕೇ ಹೊಂದಿಸಿದ್ದೆಂದು ಹಿಡಿದರೂ ದೃಷ್ಟಿಭೇದದ ಅತ್ಯಧಿಕ ತಪ್ಪು 9 ಮಿಲಿಮೀಟರಿನಿಂದ ಸುಮಾರು 5ಕ್ಕೆ ಇಳಿಯುತ್ತದೆ. ಕಾಗದಕ್ಕೆ ತಗಲಿದ ಖರ್ಚು ಏನೂ ಇಲ್ಲ. ಉಳಿದ ಹಣದಲ್ಲಿ ಅವನು ಛರ್ರೆಯ ಡಬ್ಬಿಗಳನ್ನೂ, ಹಿತ್ತಲ ಗೋಡೆಯ ಮುಂದೆ ನಿಲ್ಲಿಸಲು ಮರಳಿನ ಚೀಲಗಳನ್ನೂ ಕೊಂಡನಂತೆ. ಮೊನ್ನೆ ಐದು ತೂತುಗಳಿದ್ದ ಒಂದು ಕಾಗದವನ್ನು ತಂದು ನನ್ನ ಮೇಜಿನ ಮೇಲೆ ಇಟ್ಟು, ಅಳತೆಪಟ್ಟಿ ಕೇಳಿದನು.