ಒಂದು ಹಳ್ಳಕ್ಕೆ ಮೂರು ಗೆರೆಗಳು

ಕಾಗದದ ನಕ್ಷೆಗಳನ್ನು ಗಣಕಯಂತ್ರಕ್ಕೆ ಏರಿಸುವ ಕಾರ್ಯವು ಸ್ತುತ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹಳ್ಳಕೊಳ್ಳಗಳ ಬೇರೆ ಬೇರೆ ನಕ್ಷೆಗಳನ್ನು ತಂತ್ರಾಂಶದ ಒಂದು ಆಜ್ಞೆಯಿಂದ ಬೆರೆಸಿ, ಬಂದ ಗೆರೆಯನ್ನೇ ಪ್ರಮಾಣವೆಂದು ನಂಬುವುದು ಎಷ್ಟರಮಟ್ಟಿಗೆ ನ್ಯಾಯವೆಂಬುದನ್ನು ಅಧಿಕಾರಿಗಳು ವಿಚಾರಿಸಬೇಕಾಗಿದೆ.

ಬೆಂಗಳೂರಿನ ರಾಜಕಾಲುವೆಗಳನ್ನೇ ತೆಗೆದುಕೊಳ್ಳೋಣ. ಒಂದೇ ಕಾಲುವೆಗೆ ಮೂರು ಗೆರೆಗಳು ದೊರೆಯುವುವು. ಮೊದಲನೆಯದು ಗ್ರಾಮನಕ್ಷೆಯದು, ಸರಪಳಿ ಹಿಡಿದು ಅಳೆದು, ಮೈಲಿಗೆ ಎಂಟು ಅಂಗುಲದಂತೆ, ಅಂದರೆ 1:7920ರ ಪ್ರಮಾಣದಲ್ಲಿ ಬರೆದದ್ದು. ಎರಡನೆಯದು ಸರ್ವೆ ಆಫ್ ಇಂಡಿಯಾದ 1:50,000ದ ಹಾಳೆಯದು. ಮೂರನೆಯದನ್ನು ನೆಲದ ಎತ್ತರಗಳಿಂದ ಯಂತ್ರವೇ ಗಣಿಸಿ ಎಳೆಯುತ್ತದೆ. 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯೊಂದು ಅಳೆದ ಎತ್ತರಗಳು ಇದಕ್ಕೆ ಅನೇಕ ವೇಳೆ ಆಧಾರ.

ಇವು ಒಂದರ ಮೇಲೊಂದು ಕೂಡುವುದಿಲ್ಲ. 1:50,000ದ ಹಾಳೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆಯು ನೆಲದ ಮೇಲೆ 25 ಮೀಟರ್ ಆಗುವುದು. ಹಳೆಯ ಹಾಳೆಗಳು ಭೂಮಿಯ ಆಕಾರಕ್ಕೆ ಎವರೆಸ್ಟ್ ಸಾಹೇಬನು 1830ರಲ್ಲಿ ಗೊತ್ತುಪಡಿಸಿದ ಅಳತೆಯನ್ನು ಹಿಡಿದವು. ಉಪಗ್ರಹಗಳ ಲೆಕ್ಕವೋ 1984ರ ಜಾಗತಿಕ ಅಳತೆಯದು. ಈ ವ್ಯತ್ಯಾಸವನ್ನು ಪರಿಹರಿಸಲು ಮರೆತರೆ ಹಳ್ಳವು ನೂರಾರು ಅಡಿ ಪಕ್ಕಕ್ಕೆ ಸರಿದು ಕುಳಿತುಕೊಳ್ಳುವುದು. ಯಂತ್ರದ ಗೆರೆಯ ದೋಷವೇ ಬೇರೆ. ರಸ್ತೆಯ ದಿಬ್ಬವನ್ನು ಅದು ಅಣೆಕಟ್ಟೆಂದು ತಿಳಿಯುತ್ತದೆ. ಕೆಳಗಿರುವ ಮೋರಿಯು ಅದಕ್ಕೆ ಕಾಣಿಸದು.

ಇಂಥ ಗೆರೆಗಳನ್ನು ತಂತ್ರಾಂಶವು ಹೇಗೆ ಕೂಡಿಸುತ್ತದೆ? ಇಷ್ಟು ದೂರದೊಳಗಿನ ತುದಿಗಳನ್ನೆಲ್ಲ ಬೆಸೆಯೆಂದು ನಾವು ಕೊಟ್ಟ ಒಂದು ಅಂಕಿಯನ್ನು ನೆಚ್ಚಿಕೊಂಡು. ಐದು ಮೀಟರ್ ಎಂದರೆ ಹಳ್ಳವು ಅಲ್ಲಲ್ಲಿ ಹರಿದುಹೋದ ದಾರದಂತೆ ಉಳಿಯುವುದು. ಐವತ್ತೆಂದರೆ, ಕೆರೆಯ ಕೋಡಿಯಿಂದ ಹೊರಟ ಹಳ್ಳವೂ ತೂಬಿನಿಂದ ಹೊರಟ ಗದ್ದೆಯ ಕಾಲುವೆಯೂ ಏರಿಯ ಕೆಳಗೆ ಒಂದಾಗಿಬಿಡುವುವು. ಬೆಂಗಳೂರಿನಲ್ಲಿ ಮತ್ತೊಂದು ಅಪಾಯವುಂಟು. ನಗರವು ದಿಣ್ಣೆಯ ಮೇಲೆ ನಿಂತಿರುವುದು. ಪಶ್ಚಿಮದ ನೀರು ವೃಷಭಾವತಿಯಿಂದ ಅರ್ಕಾವತಿಗೂ, ಪೂರ್ವದ ಹೆಬ್ಬಾಳ ಹಾಗೂ ಕೋರಮಂಗಲ ಕಣಿವೆಗಳ ನೀರು ದಕ್ಷಿಣ ಪಿನಾಕಿನಿಗೂ ಸೇರುವುದು. ದಿಣ್ಣೆಯ ನೆತ್ತಿಯಲ್ಲಿ ಎರಡು ತುದಿಗಳನ್ನು ತಪ್ಪಾಗಿ ಬೆಸೆದರೆ ಕಾಗದದ ಮೇಲೆ ನೀರು ಗುಡ್ಡವನ್ನೇರಿ ಪರನದಿಗೆ ಇಳಿಯುವುದು.

ಎರಡು ಗೆರೆಗಳ ನಡುವೆ ಸರಾಸರಿಯ ಗೆರೆಯನ್ನೆಳೆಯುವುದಂತೂ ಶುದ್ಧ ಅವಿಚಾರ. ಕಳ್ಳನು ಪೂರ್ವಕ್ಕೆ ಓಡಿದನೆಂದು ಒಬ್ಬ ಸಾಕ್ಷಿಯೂ ಉತ್ತರಕ್ಕೆ ಓಡಿದನೆಂದು ಇನ್ನೊಬ್ಬನೂ ಹೇಳಿದರೆ, ಈಶಾನ್ಯದಲ್ಲಿ ಹುಡುಕುವ ಪೋಲೀಸಿನವನನ್ನು ನಾವು ಜಾಣನೆನ್ನುವೆವೆ?

ಇದು ನಕ್ಷೆಗಾರರ ಒಳಚರ್ಚೆಯಷ್ಟೇ ಎಂದು ಯಾರೂ ಭಾವಿಸಬಾರದು. 2007ರಲ್ಲಿ ಜಾರಿಗೆ ಬಂದ 2015ರ ಮಹಾಯೋಜನೆಯು ರಾಜಕಾಲುವೆಯ ನಡುಗೆರೆಯಿಂದ ದರ್ಜೆಗನುಸಾರ 50, 25, 15 ಮೀಟರ್ ಬಯಲು ಬಿಡಬೇಕೆಂದು ವಿಧಿಸಿತು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಕಾಲುವೆಯ ಅಂಚಿನಿಂದ 50, 35, 25 ಮೀಟರ್ ಎಂದಿತು. 2019ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಮೀಟರುಗಳ ಈ ವಾದವು ವರ್ಷಗಟ್ಟಲೆ ನಡೆಯಿತು. ಆದರೆ ಯಾವ ಗೆರೆಯಿಂದ ಅಳೆಯುವುದು? ಗೆರೆಯ ತಪ್ಪೇ 25 ಮೀಟರ್ ಇರುವಲ್ಲಿ 15 ಮೀಟರಿನ ನಿಯಮಕ್ಕೆ ಅರ್ಥವೇನು? 2022ರ ಸೆಪ್ಟೆಂಬರಿನಲ್ಲಿ ಮಹದೇವಪುರದ ಕಡೆಯ ಬಡಾವಣೆಗಳು ನೀರಿನಲ್ಲಿ ನಿಂತವು. ಬೆನ್ನಿಗೇ ತೆರವಿನ ಯಂತ್ರಗಳು ಬಂದವು. ಸಾಲ ಮಾಡಿ ಮನೆ ಕಟ್ಟಿದ ಸಾಮಾನ್ಯ ಗೃಹಸ್ಥನಿಗೆ ತನ್ನ ಗೋಡೆಗೆ ಗುರುತು ಬಿದ್ದದ್ದು ಯಾವ ನಕ್ಷೆಯಿಂದ ಎಂದು ಕೇಳುವ ಹಕ್ಕಿದೆ. ಕಾಲುವೆಯನ್ನು ನಿಜವಾಗಿಯೂ ನುಂಗಿದವನು ತಪ್ಪು ಗೆರೆಯ ಮರೆಯಲ್ಲಿ ಪಾರಾಗುವುದನ್ನು ತಡೆಯುವ ಹೊಣೆ ಸರಕಾರದ್ದು.

ಆದುದರಿಂದ ಹಳ್ಳದ ಸ್ವತ್ತಿನ ಎಲ್ಲೆಗೆ ಖರಾಬು ತೋರಿಸುವ ಗ್ರಾಮನಕ್ಷೆಯನ್ನೂ, ಹಳ್ಳದಿಂದ ಹಳ್ಳಕ್ಕೆ ಸಂಬಂಧ ತಿಳಿಯಲು ಸರ್ವೆ ಹಾಳೆಯನ್ನೂ ಹಿಡಿಯತಕ್ಕದ್ದು. ಉಪಗ್ರಹದ ಎತ್ತರವು ಇಳಿಜಾರಿನ ಸಾಕ್ಷಿಗೆ ಸಾಕು. ಬೆರೆಸಿದ ಪ್ರತಿಯೊಂದು ತುಂಡಿಗೂ ಅದರ ಮೂಲ, ವರ್ಷ, ಪ್ರಮಾಣಗಳನ್ನು ಲಗತ್ತಿಸಬೇಕು. ಮೂಲ ಪದರಗಳನ್ನು ಅಳಿಸಕೂಡದು. ಕೂಡದ ಕಡೆ ಚುಕ್ಕೆಗೆರೆಯನ್ನೇ ಬಿಟ್ಟು, ಒಳ್ಳೆಯ ಮಳೆಯ ಮಾರನೆಯ ದಿನ ಮೋಜಣಿದಾರನು ಊರ ಹಿರಿಯರೊಡನೆ ಅಲ್ಲಿಗೆ ನಡೆದುಹೋಗಿ ನೋಡಲಿ. ಅದು ಮುಗಿದು, ನಕ್ಷೆಯು ವಾರ್ಡಿನ ಕಚೇರಿಯ ಗೋಡೆಯ ಮೇಲೆ ಜನರ ಆಕ್ಷೇಪಣೆಗಾಗಿ ಒಂದು ತಿಂಗಳು ತೂಗುವವರೆಗೆ, ಅದರ ಆಧಾರದ ಮೇಲೆ ಯಾರಿಗೂ ನೋಟೀಸು ಹೊರಡಬಾರದು.