ಜೇಬಿನಲ್ಲಿರುವ ದಫ್ತರಖಾನೆ

ಕಛೇರಿಯ ದಫ್ತರಖಾನೆಗೆ ಬೀಗವುಂಟು. ಅಲ್ಲಿಂದ ಒಂದು ಕಡತವನ್ನು ಹೊರಗೆ ಒಯ್ಯಬೇಕಾದರೆ ಪುಸ್ತಕದಲ್ಲಿ ರುಜು ಹಾಕಬೇಕು. ಆದರೆ ಆ ದಫ್ತರಖಾನೆಯ ಸಮಸ್ತ ಕಾಗದಪತ್ರಗಳೂ ಇಂದು ಹೆಬ್ಬೆರಳಿನಷ್ಟು ಗಾತ್ರದ ಪೆನ್ ಡ್ರೈವಿನಲ್ಲಿ ಅಡಗಿ, ಯಾವ ರುಜುವೂ ಇಲ್ಲದೆ, ನೌಕರನ ಜೇಬಿನಲ್ಲಿ ಮನೆಗೆ ಹೋಗಬಲ್ಲವು. ಈ ವೈಪರೀತ್ಯವನ್ನು ಕುರಿತು ವಾಚಕರು ಕ್ಷಣಕಾಲ ಆಲೋಚಿಸಬೇಕೆಂದು ನಮ್ಮ ಬಿನ್ನಹ.

ಈ ಉಪಕರಣವನ್ನು ಬರಿಯ ಡಬ್ಬಿಯೆಂದು ಭಾವಿಸುವುದೇ ನಮ್ಮ ಮೊದಲ ತಪ್ಪು. ಅದರೊಳಗಿನ ಸಿಲಿಕಾನ್ ಬಿಲ್ಲೆಯಲ್ಲಿ, ನಿರೋಧಕ ಪದರಗಳ ನಡುವೆ ಸೆರೆಯಾದ ಎಲೆಕ್ಟ್ರಾನುಗಳು ವಿದ್ಯುತ್ತಿನ ಸಹಾಯವಿಲ್ಲದೆಯೇ ನಮ್ಮ ಬರಹವನ್ನು ವರ್ಷಗಟ್ಟಲೆ ಕಾಪಾಡುತ್ತವೆ. ಅವುಗಳ ಮೇಲ್ವಿಚಾರಣೆಗೆಂದು ಅಲ್ಲಿಯೇ ಒಂದು ಪುಟ್ಟ ಗಣಕವೂ ಇದೆ. ಈ ಗಣಕದ ಆದೇಶಗಳನ್ನು ತಿದ್ದಿದರೆ, ಪೆನ್ ಡ್ರೈವು ತನ್ನನ್ನು ಕೀಲಿಮಣೆಯೆಂದು ಪರಿಚಯಿಸಿಕೊಂಡು ಕಂಪ್ಯೂಟರಿಗೆ ತಾನೇ ಅಪ್ಪಣೆ ಕೊಡಬಲ್ಲುದೆಂದು ಜರ್ಮನಿಯ ಸಂಶೋಧಕರು 2014ರಲ್ಲಿ ತೋರಿಸಿಕೊಟ್ಟರು.

ಅಪಾಯವು ಎರಡು ಬಗೆಯದು: ಕೇಡು ಒಳಕ್ಕೆ ಬರುವುದು, ಗುಟ್ಟು ಹೊರಕ್ಕೆ ಹೋಗುವುದು. 2008ರಲ್ಲಿ ಮಧ್ಯಪ್ರಾಚ್ಯದ ಸೇನಾನೆಲೆಯೊಂದರಲ್ಲಿ ಅಮೆರಿಕದ ಸೈನ್ಯದ ಕಂಪ್ಯೂಟರಿಗೆ ಸಿಕ್ಕಿಸಿದ ಒಂದೇ ಪೆನ್ ಡ್ರೈವಿನಿಂದ ದುಷ್ಟ ಪ್ರೋಗ್ರಾಮೊಂದು ರಹಸ್ಯ ಜಾಲಕ್ಕೂ ಹಬ್ಬಿತು. ಆ ಸೈನ್ಯವು ಇಂತಹ ಉಪಕರಣಗಳನ್ನೇ ಕೆಲಕಾಲ ನಿಷೇಧಿಸಬೇಕಾಯಿತು. 2022ರಲ್ಲಿ ಜಪಾನಿನ ಅಮಗಸಾಕಿ ನಗರದ ಸುಮಾರು 4,60,000 ನಿವಾಸಿಗಳ ವಿವರಗಳಿದ್ದ ಪೆನ್ ಡ್ರೈವನ್ನು ಗುತ್ತಿಗೆಯ ನೌಕರನೊಬ್ಬನು ಪಾನಗೋಷ್ಠಿಯ ರಾತ್ರಿ ಚೀಲದೊಡನೆ ಕಳೆದುಕೊಂಡನು. ಅದು ಮರಳಿ ದೊರೆತುದೂ, ಅದರಲ್ಲಿನ ಬರಹವು ಗುಪ್ತಲಿಪಿಯಲ್ಲಿದ್ದುದೂ ಆ ನಗರದ ಸುದೈವ.

ಹಾಗಾದರೆ ನಿಷೇಧವೇ ಮದ್ದೇ? ಅಲ್ಲವೆಂಬುದು ನಮ್ಮ ಅಭಿಪ್ರಾಯ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಆವರಣದಲ್ಲಿ ಸಂಶೋಧಕರು ಬೇಕೆಂದೇ 297 ಪೆನ್ ಡ್ರೈವುಗಳನ್ನು ಬೀಳಿಸಿ ಬಂದರು. ಅವುಗಳಲ್ಲಿ ಶೇಕಡಾ 45ರಷ್ಟರೊಳಗಿನ ಕಡತಗಳನ್ನು ಸಿಕ್ಕಿದವರು ತೆರೆದು ನೋಡಿದರೆಂದು 2016ರಲ್ಲಿ ಪ್ರಕಟವಾಯಿತು. ಕಾರಣ ಹೇಳಿದವರಲ್ಲಿ ಹೆಚ್ಚಿನವರ ಉದ್ದೇಶ, ಒಡೆಯನನ್ನು ಹುಡುಕಿ ಹಿಂದಿರುಗಿಸುವುದೇ ಆಗಿತ್ತು! ಕೇಡು ಒಳಹೊಗುವುದು ದುರ್ಜನರಿಂದ ಮಾತ್ರವಲ್ಲ. ಸಜ್ಜನರ ಅಜಾಗರೂಕತೆಯಿಂದಲೂ ಹೌದು.

ನಾವೂ ಇದಕ್ಕೆ ಹೊರತಲ್ಲ. ಕಾಲೇಜಿನ ಮುದ್ರಣಯಂತ್ರ ಕೆಟ್ಟಿದ್ದ ದಿನ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಬೀದಿಯ ಜೆರಾಕ್ಸ್ ಅಂಗಡಿಗೆ ಒಯ್ದು, ಅದರ ಪ್ರತಿಯನ್ನು ಅಲ್ಲಿಯ ಕಂಪ್ಯೂಟರಿನಲ್ಲಿಯೇ ಬಿಟ್ಟು ಬಂದಿದ್ದೇವೆ. ದಿನವೂ ಹತ್ತಾರು ಜನರ ಪೆನ್ ಡ್ರೈವುಗಳನ್ನು ಕಂಡ ಆ ಯಂತ್ರದಿಂದ ಕಿತ್ತು ತಂದುದನ್ನು, ವಿದ್ಯಾರ್ಥಿಗಳ ಅಂಕಪಟ್ಟಿಯಿರುವ ಕಂಪ್ಯೂಟರಿಗೆ ನಿಶ್ಚಿಂತೆಯಿಂದ ಸಿಕ್ಕಿಸಿದ್ದೇವೆ. "ಪೆನ್ ಡ್ರೈವ್ ನಿಷಿದ್ಧ" ಎಂಬ ಫಲಕವನ್ನು ಗೋಡೆಗೆ ತಗುಲಿಸಿದ್ದರೆ ಅಂದು ಅದನ್ನು ಓದಿಯೇ ಹೊರಟಿರುತ್ತಿದ್ದೆವು. ಕೆಲಸವಂತೂ ನಡೆಯಲೇಬೇಕಲ್ಲವೆ?

ಆದುದರಿಂದ ಸಂಸ್ಥೆಗಳು ನಿಯಮದೊಡನೆ ಅನುಕೂಲವನ್ನೂ ಒದಗಿಸಬೇಕು. ಅಗತ್ಯವುಳ್ಳವರಿಗೆ, ಬರಹವನ್ನು ಗುಪ್ತಲಿಪಿಯಲ್ಲಿಡುವ ಪೆನ್ ಡ್ರೈವನ್ನು ಸಂಸ್ಥೆಯೇ ಕೊಟ್ಟು ದಫ್ತರಿನಲ್ಲಿ ನಮೂದಿಸಲಿ. ಹೊರಗಿನಿಂದ ಬಂದುದನ್ನು ಪರೀಕ್ಷಿಸಲು, ಜಾಲಕ್ಕೆ ಸೇರದ ಕಂಪ್ಯೂಟರೊಂದನ್ನು ಪ್ರತ್ಯೇಕವಾಗಿ ಇರಿಸಲಿ. ಎಲ್ಲಕ್ಕಿಂತ ಮಿಗಿಲಾಗಿ, "ಕಳೆದುಹೋಯಿತು" ಎಂದು ಕೂಡಲೇ ಬಂದು ತಿಳಿಸಿದವನನ್ನು ಗದರಿಸದಿರಲಿ. ಶಿಕ್ಷೆಗೆ ಅಂಜಿ ಅವನು ಮುಚ್ಚಿಟ್ಟ ಒಂದು ದಿನದಲ್ಲಿ, ಎಷ್ಟೋ ಮಂದಿಯ ಗುಟ್ಟು ಪರರ ಪಾಲಾಗಬಹುದು.